ಅಪ್ಪ ರಿಪೇರಿ ಮಾಡುತ್ತಿದ್ದ ಫೆರೆಟ್ ಕೊಳ್ಳಲೇ?

ಪ್ರಶ್ನೆ: ನನಗೆ 52 ವರ್ಷ. ಮೂಲ ಧಾರವಾಡದ ಕಡೆ, ಹುಟ್ಟಿ ಬೆಳೆದದ್ದು ಪುಣೆಯ ಖಡಕಿಯಲ್ಲಿ. ಈಗ ಚಿಂಚವಡದ ಒಂದು ಸೊಸೈಟಿಯಲ್ಲಿ ಫ್ಲ್ಯಾಟ್ ಇದೆ. ಅಪ್ಪ ಖಡಕಿಯ ಮಿಲಿಟರಿ ವರ್ಕ್‌ಶಾಪ್‌ನಲ್ಲಿ ಫಿಟ್ಟರ್ ಆಗಿದ್ದರು. ಈಗ 81, ನಮ್ಮ ಜೊತೆಗೇ ಇದ್ದಾರೆ. ಚಾಕಣ್ ಹತ್ತಿರದ ಗುಜರಿ ಯಾರ್ಡಿನಲ್ಲಿ ಫೆರೆಟ್ ಎಂಬ ಹಳೆಯ ಬ್ರಿಟಿಷ್ ಉಕ್ಕಿನ ಕವಚದ ಗಾಡಿ ಕಂಡೆ. ಅಪ್ಪ ಇಂಥವನ್ನೇ ರಿಪೇರಿ ಮಾಡುತ್ತಿದ್ದರು. ಏಳು ಲಕ್ಷ ಕೇಳುತ್ತಿದ್ದಾರೆ. ಕೈತಪ್ಪಿ ಹೋದೀತು ಅಂತ ಐವತ್ತು ಸಾವಿರ ಅಡ್ವಾನ್ಸ್ ಕೊಟ್ಟುಬಿಟ್ಟೆ. ಹೆಂಡತಿಗೆ ಹೇಳಿಲ್ಲ. ಅಪ್ಪನಿಗೂ ಹೇಳಿಲ್ಲ, ಗಾಡಿ ಓಡುವಂತೆ ಮಾಡಿ ಒಂದು ದಿನ ಮುಂದೆ ನಿಲ್ಲಿಸಬೇಕು ಅಂತ ಆಸೆ. ಮಗಳು ಮುಂದಿನ ವರ್ಷ ಇಂಜಿನಿಯರಿಂಗ್ ಸೇರಬೇಕು. ಕೊಳ್ಳಲೇ, ಬಿಡಲೇ?
– ಹೆಸರು ಬೇಡ, ಚಿಂಚವಡ (ಉದ್ದದ ಪತ್ರವನ್ನು ಇಲ್ಲಿ ಚಿಕ್ಕದು ಮಾಡಿ ಕೊಟ್ಟಿದೆ)

ಉತ್ತರ: ಇವತ್ತು ರಾತ್ರಿ ಊಟ ಆದ ಮೇಲೆ ಹೆಂಡತಿಗೆ ಹೇಳಿಬಿಡಿ. ಉಳಿದದ್ದೆಲ್ಲ ಆಮೇಲೆ.

ಬ್ಯಾಂಕಿನ ಮೆಸೇಜ್ ನೋಡಿಯೋ ಯಾರ್ಡಿನವರ ಫೋನ್ ಎತ್ತಿಯೋ ಅವರಿಗೆ ವಿಷಯ ಗೊತ್ತಾದರೆ, ನಾಳೆ ಆ ಗಾಡಿ ಬಂದರೂ ಮನೆಯಲ್ಲಿ ಯಾರಿಗೂ ಅದರ ಮೇಲೆ ಪ್ರೀತಿ ಹುಟ್ಟೋದಿಲ್ಲ. ಹೇಳುವಾಗ ಗಾಡಿಯ ಗುಣಗಾನದಿಂದ ಶುರು ಮಾಡಬೇಡಿ. ‘ನಿನ್ನನ್ನು ಕೇಳದೆ ದುಡ್ಡು ಕೊಟ್ಟೆ’ ಅಂತಲೇ ಶುರು ಮಾಡಿ. ಸಿಟ್ಟು ಬಂದರೆ ಬರಲಿ. ನ್ಯಾಯವಾದ ಸಿಟ್ಟು ಅದು, ಅಲ್ವಾ? ಮಗಳ ಕಾಲೇಜಿನ ಫೀಸು ಎಷ್ಟು, ಹಾಸ್ಟೆಲ್ ಎಷ್ಟು, ಅಪ್ಪನ ಔಷಧಿಗೆ ಎಷ್ಟು ಅಂತ ಇಬ್ಬರೂ ಕೂತು ಬರೆದಿಡಿ. ಅದೆಲ್ಲ ತೆಗೆದಿಟ್ಟ ಮೇಲೆ ಉಳಿಯುವ ದುಡ್ಡಿನಲ್ಲಿ ಮಾತ್ರ ಈ ಗಾಡಿಯ ಮಾತು. ಸಾಲ ಮಾಡಿಯಂತೂ ಬೇಡವೇ ಬೇಡ.

ಇನ್ನು ಗಾಡಿಯ ವಿಷಯ. ನಿಮ್ಮ ಆಸೆ ನನಗೆ ಹುಚ್ಚು ಅನ್ನಿಸಲಿಲ್ಲ. ಫೆರೆಟ್ ನಿಜಕ್ಕೂ ಪ್ರೀತಿ ಹುಟ್ಟಿಸುವ ಯಂತ್ರ. 1952ರಿಂದ 1971ರವರೆಗೆ ಇಂಗ್ಲೆಂಡಿನ ಡೈಮ್ಲರ್ ಕಂಪನಿ ನಾಲ್ಕು ಸಾವಿರಕ್ಕೂ ಜಾಸ್ತಿ ಫೆರೆಟ್‌ಗಳನ್ನು ಮಾಡಿತು. ನಮ್ಮ ಸೇನೆಯೂ ಅವನ್ನು ಬಳಸಿತು. ಗಾಡಿಯ ಹಿಂಭಾಗದಲ್ಲಿ ರೋಲ್ಸ್ ರಾಯ್ಸ್‌ನ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಮುಂದಕ್ಕೆ ಐದು ಗೇರು, ಹಿಂದಕ್ಕೂ ಅದೇ ಐದು. ಶತ್ರು ಕಂಡರೆ ಬಂದ ವೇಗದಲ್ಲೇ ವಾಪಸ್ ಓಡಲಿ ಅಂತ. ಇದರ ಗೇರ್ ಹಾಕುವ ಕ್ರಮವೂ ಬೇರೆ. ಮೊದಲು ಲಿವರಿನಲ್ಲಿ ಮುಂದಿನ ಗೇರನ್ನು ಆರಿಸಿಟ್ಟುಕೊಳ್ಳಬೇಕು, ಬೇಕಾದಾಗ ಎಡಗಾಲಿನ ಪೆಡಲ್ ಪೂರ್ತಿ ತುಳಿದು ಬಿಡಬೇಕು. ಅರ್ಧಂಬರ್ಧ ತುಳಿದರೆ ಪೆಡಲ್ ಜೋರಾಗಿ ವಾಪಸ್ ಚಿಮ್ಮಿ ಕಾಲಿಗೆ ಬಡಿಯುತ್ತದೆ. ನಿಮ್ಮ ಅಪ್ಪನಿಗೆ ಇದೆಲ್ಲ ಚೆನ್ನಾಗಿ ಗೊತ್ತಿರುತ್ತದೆ.

ಆದರೂ ನನ್ನ ಉತ್ತರ ಇದು: ಈಗಿನ ಸ್ಥಿತಿಯಲ್ಲಿ ಕೊಳ್ಳಬೇಡಿ. ನೀವು ಎಂಜಿನ್ ಬಗ್ಗೆ ಬರೆದಿದ್ದೀರಿ, ಟೈರ್ ಬಗ್ಗೆ ಬರೆದಿದ್ದೀರಿ, ಬೆಲೆ ಬಗ್ಗೆ ಬರೆದಿದ್ದೀರಿ. ಉದ್ದದ ಆ ಪತ್ರದಲ್ಲಿ ಕಾಗದಪತ್ರದ ಬಗ್ಗೆ ಒಂದು ಸಾಲೂ ಇಲ್ಲ. ನನಗೆ ಹೆದರಿಕೆ ಆದದ್ದು ಅಲ್ಲೇ.

ಸೇನೆಯ ಗಾಡಿಗಳಿಗೆ ಆರ್‌ಟಿಓ ನಂಬರ್ ಇರೋದಿಲ್ಲ. ಮೇಲ್ಮುಖ ಬಾಣದ ಗುರುತಿನ ಜೊತೆ ಸೇನೆಯದ್ದೇ ನಂಬರ್ ಇರುತ್ತದೆ. ಕಂಡಮ್ ಆದ, ಅಂದರೆ ಇನ್ನು ಬಳಕೆಗೆ ಬಾರದು ಅಂತ ಸೇನೆ ಕೈಬಿಟ್ಟ ಗಾಡಿ ಹರಾಜಾದಾಗ ಕೊಂಡವರಿಗೆ ರಿಲೀಸ್ ಆರ್ಡರ್, ಅಂದರೆ ಗಾಡಿಯನ್ನು ಬಿಟ್ಟುಕೊಟ್ಟ ಆದೇಶಪತ್ರ ಸಿಗುತ್ತದೆ. ಅದರಲ್ಲಿ ಲಾಟ್ ನಂಬರ್, ಚಾಸಿಸ್ ನಂಬರ್ ಎಲ್ಲ ಇರಬೇಕು. ಆ ಕಾಗದದ ಬಲದ ಮೇಲೆಯೇ ಹೊಸ ಮಾಲೀಕ ಆರ್‌ಟಿಓಗೆ ಹೋಗಿ ರಿಜಿಸ್ಟ್ರೇಷನ್ ಕೇಳಬೇಕು. ಗಾಡಿ ಅಂತ ಮಾರಿದ್ದಾರೋ, ಬರೀ ಸ್ಕ್ರ್ಯಾಪ್ ಕಬ್ಬಿಣ ಅಂತ ತೂಕಕ್ಕೆ ಮಾರಿದ್ದಾರೋ ಅನ್ನೋದು ಅಲ್ಲೇ ತಿಳಿಯುತ್ತದೆ. ಸ್ಕ್ರ್ಯಾಪ್ ಅಂತ ಹೋಗಿದ್ದರೆ ಅದನ್ನು ರಸ್ತೆಗೆ ತರುವ ಕನಸು ಬಹುತೇಕ ಮುಗಿದ ಹಾಗೆ. ಯಾರ್ಡಿನವರು ‘ಕಾಗದ ಆಮೇಲೆ ಮಾಡಿಸಿಕೊಡ್ತೀವಿ’ ಅಂದರೆ ಅಲ್ಲಿಂದ ಎದ್ದು ಬನ್ನಿ.

ಕಾಗದ ಸಿಕ್ಕಿತು ಅಂತಲೇ ಇಟ್ಟುಕೊಳ್ಳೋಣ. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಹಳೆಯ ಗಾಡಿಗಳಿಗೆ ಪ್ರತ್ಯೇಕ ನಿಯಮ ತಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ ಐವತ್ತು ವರ್ಷ ದಾಟಿದ ಎರಡು ಚಕ್ರ, ನಾಲ್ಕು ಚಕ್ರದ ಗಾಡಿಗಳಿಗೆ ‘ವಿಎ’ ಅಕ್ಷರಗಳಿರುವ ನಂಬರ್ ಪ್ಲೇಟ್ ಕೊಡುತ್ತಾರೆ. ಹೊಸದಾಗಿ ಮಾಡಿಸಲು 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ಆಮೇಲೆ ನವೀಕರಣಕ್ಕೆ 5,000. ಪ್ರದರ್ಶನ, ವಿಂಟೇಜ್ ರ‍್ಯಾಲಿ, ಪೆಟ್ರೋಲ್ ತುಂಬಿಸೋದು, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ನಿಮ್ಮ ಫೆರೆಟ್‌ಗೆ ವಯಸ್ಸಿನ ತೊಂದರೆ ಇಲ್ಲ, ಕೊನೆಯ ಫೆರೆಟ್ ಕೂಡ ಐವತ್ತು ದಾಟಿದೆ. ತೊಡಕು ಇರೋದು ‘ಮೊದಲ ರಿಜಿಸ್ಟ್ರೇಷನ್’ ಅನ್ನೋ ಮಾತಿನಲ್ಲಿ. ಸೇನೆಯ ನಂಬರನ್ನು ನಿಮ್ಮ ಆರ್‌ಟಿಓ ಹೇಗೆ ಪರಿಗಣಿಸುತ್ತಾರೆ, ಕವಚದ ಗಾಡಿಯನ್ನು ಈ ನಿಯಮದಡಿ ತೆಗೆದುಕೊಳ್ಳುತ್ತಾರಾ ಅಂತ ಲಿಖಿತವಾಗಿ ಕೇಳಿ. ಏಜೆಂಟರ ಬಾಯಿಮಾತು ಸಾಲದು.

ಇನ್ನೊಂದು ಆಸೆಯನ್ನೂ ಈಗಲೇ ಬಿಟ್ಟುಬಿಡಿ. ಎಂಜಿನ್ ಸಿಗದಿದ್ದರೆ ಯಾವುದಾದರೂ ದೇಸಿ ಡೀಸೆಲ್ ಎಂಜಿನ್ ಕೂರಿಸೋಣ ಅಂತ ಬರೆದಿದ್ದೀರಿ. ಚಾಸಿಸ್, ಬಾಡಿ, ಎಂಜಿನ್ ಮೂಲ ರೂಪದಲ್ಲೇ ಇದ್ದರೆ ಮಾತ್ರ ವಿಂಟೇಜ್ ಅನ್ನಿಸಿಕೊಳ್ಳುತ್ತದೆ. ಡೀಸೆಲ್ ಹಾಕಿದರೆ ಗಾಡಿ ಓಡಬಹುದು, ನಂಬರ್ ಸಿಗೋದಿಲ್ಲ.

ಬಣ್ಣದ ವಿಷಯ ಹೇಳಿದರೆ ನಿಮಗೆ ಬೇಜಾರಾಗುತ್ತದೆ, ಆದರೂ ಹೇಳಬೇಕು. ರಕ್ಷಣಾ ಇಲಾಖೆಯ ಗಾಡಿ ಬಿಟ್ಟರೆ ಬೇರೆ ಯಾರ ಗಾಡಿಗೂ ಆಲಿವ್ ಗ್ರೀನ್ ಬಳಿಯುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೇ ಇದೆ, 121ನೇ ನಿಯಮ. ಅಪ್ಪ ಅಷ್ಟು ವರ್ಷ ಕಂಡ ಆ ಬಣ್ಣದಲ್ಲಿ ನೀವು ಅದನ್ನು ರಸ್ತೆಗೆ ತರಲಾರಿರಿ. ಮರಳಿನ ಬಣ್ಣ ಹಚ್ಚಬಹುದು. ಕೆಲವು ಮಾದರಿಗಳಲ್ಲಿ ಮೇಲೆ ತಿರುಗುವ ಗೋಪುರದಲ್ಲಿ (ಟರೆಟ್) ಮೆಷಿನ್ ಗನ್ ಇರುತ್ತಿತ್ತು. ಗನ್ನಿನ ಯಾವ ಭಾಗ ಉಳಿದಿದ್ದರೂ ಮುಟ್ಟಬೇಡಿ, ಕೊಳ್ಳಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆ ಹುಡುಗಾಟದ್ದಲ್ಲ. ಪುಣೆಯಂಥ ಮಿಲಿಟರಿ ಊರಿನಲ್ಲಂತೂ ಗಾಡಿ ಸಾಗಿಸುವ ಮೊದಲು ಪೊಲೀಸರಿಗೆ ಲಿಖಿತವಾಗಿ ತಿಳಿಸಿರಬೇಕು.

ತೂಕ ನಾಲ್ಕು ಟನ್ನಿನ ಆಸುಪಾಸು. ಸೊಸೈಟಿಯ ಪಾರ್ಕಿಂಗ್ ಸ್ಲ್ಯಾಬಿನ ಮೇಲೆ ಇಂಥದ್ದನ್ನು ನಿಲ್ಲಿಸುವ ಮಾತೇ ಬೇಡ. ನೆಲದ ಮೇಲೆ ಶೆಡ್ ಬೇಕು, ಅದಕ್ಕೆ ತಿಂಗಳ ಬಾಡಿಗೆ. ಸಾಗಿಸಲು ಕ್ರೇನ್, ಟ್ರೇಲರ್. ಓಡುವ ಸ್ಥಿತಿಗೆ ಬಂದರೂ ಲೀಟರಿಗೆ ಮೂರು ಕಿಲೋಮೀಟರ್ ಕೊಟ್ಟರೆ ಹೆಚ್ಚು. ಅದಕ್ಕಿಂತ ದೊಡ್ಡ ಖರ್ಚು ಚಕ್ರಗಳಿಗೆ ಶಕ್ತಿ ಹೋಗುವ ದಾರಿಯದ್ದು. ಫೆರೆಟ್‌ನಲ್ಲಿ ಒಂದೇ ಬದಿಯ ಮುಂದಿನ, ಹಿಂದಿನ ಚಕ್ರಗಳು ಬೆವೆಲ್ ಗೇರುಗಳ (ಓರೆ ಹಲ್ಲಿನ ಗೇರುಗಳ) ಮೂಲಕ ಒಂದಕ್ಕೊಂದು ಕಟ್ಟಿಹಾಕಿದಂತೆ ತಿರುಗುತ್ತವೆ. ಮಣ್ಣಿನಲ್ಲಿ ಟೈರ್ ಸ್ವಲ್ಪ ಜಾರಿ ಬಿಗಿ ಸಡಿಲವಾಗುತ್ತದೆ. ಡಾಂಬರು ರಸ್ತೆಯಲ್ಲಿ ಹಾಗೆ ಜಾರೋದಿಲ್ಲ, ಒಳಗೊಳಗೇ ಬಿಗಿ ಏರುತ್ತಾ ಹೋಗಿ ಜಾಯಿಂಟು, ಗೇರುಗಳ ಮೇಲೆ ಭಾರ ಬೀಳುತ್ತದೆ. ಇಂಗ್ಲೆಂಡಿನಲ್ಲಿ ಇದನ್ನು ಸಾಕುವವರು ಆಗಾಗ ಒಂದು ಚಕ್ರವನ್ನು ಫುಟ್‌ಪಾತಿನ ಅಂಚು ಹತ್ತಿಸಿ ಇಳಿಸಿ ಬಿಗಿ ಬಿಡಿಸುತ್ತಾರೆ. ಬಿಡಿಭಾಗವೂ ಹೆಚ್ಚಾಗಿ ಅಲ್ಲಿಂದಲೇ ಬರಬೇಕು, ಕಸ್ಟಮ್ಸ್ ಸುಂಕ ಸೇರಿಸಿ. ಆ ಕಾಲದ ಬ್ರೇಕ್ ಲೈನಿಂಗ್, ಗ್ಯಾಸ್ಕೆಟ್‌ಗಳಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ. ಸುಮ್ನೆ ಕೆರೆದು ಊದಿದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಅಪ್ಪನನ್ನು ಆ ಧೂಳಿನ ಹತ್ತಿರ ಬಿಡಬೇಡಿ.

ಅಪ್ಪನ ಮಾತು ಬಂತಲ್ಲ. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಆ ಭಾಗವನ್ನೇ. ಇಂಥ ಗಾಡಿ ಬಿಚ್ಚಿ, ಸ್ವಚ್ಛ ಮಾಡಿ, ಜೋಡಿಸಿ ಓಡಿಸಲು ವರ್ಷಗಳೇ ಬೇಕು. ನೀವು ಕೆಲಸಕ್ಕೆ ಹೋಗುವವರು, ಭಾನುವಾರಗಳಲ್ಲಿ ಮಾಡುವವರು. 81ರ ಅಪ್ಪನ ಮುಂದೆ ಸಿದ್ಧವಾದ ಗಾಡಿ ನಿಲ್ಲಿಸುವ ಲೆಕ್ಕ ಕೂಡಿ ಬರುತ್ತದೆ ಅಂತ ನಾನು ಭರವಸೆ ಕೊಡಲಾರೆ. ಅವರಿಂದ ಮುಚ್ಚಿಟ್ಟು ಮಾಡುವ ಪ್ರತಿಯೊಂದು ಭಾನುವಾರವೂ ಅವರ ಜೊತೆ ಕಳೆಯಬಹುದಾಗಿದ್ದ ಭಾನುವಾರವೇ. ಪುಣೆಯಲ್ಲಿ ಫೆರೆಟ್‌ನ ಒಳಹೊರಗು ಬಲ್ಲವರು ಬೆರಳೆಣಿಕೆಯಷ್ಟು ಇರಬಹುದು. ಅವರಲ್ಲಿ ಒಬ್ಬರು ನಿಮ್ಮ ಮನೆಯ ಹಾಲ್‌ನಲ್ಲೇ ಕೂತಿದ್ದಾರೆ. ಅವರನ್ನೇ ಕೇಳದೆ ಅಡ್ವಾನ್ಸ್ ಕೊಟ್ಟಿದ್ದೀರಲ್ಲ!

ಸರ್‌ಪ್ರೈಸ್ ಬೇಡ. ಅಪ್ಪನಿಗೂ ಹೇಳಿ. ಮೊದಲು ಒಂದು ದಿನ ಅವರನ್ನು ಅಹಿಲ್ಯಾನಗರಕ್ಕೆ ಕರೆದುಕೊಂಡು ಹೋಗಿ, ನಿಮ್ಮ ಬಾಯಲ್ಲಿ ಇನ್ನೂ ಅಹ್ಮದ್‌ನಗರವೇ ಇರಬಹುದು. ಪುಣೆಯಿಂದ ಸುಮಾರು 120 ಕಿಲೋಮೀಟರ್. ಅಲ್ಲಿನ ಕ್ಯಾವಲ್ರಿ ಟ್ಯಾಂಕ್ ಮ್ಯೂಸಿಯಂ 1994ರಿಂದ ಇದೆ, ಸಾಮಾನ್ಯ ಜನರಿಗೂ ಪ್ರವೇಶ ಉಂಟು. ರೋಲ್ಸ್ ರಾಯ್ಸ್ ಆರ್ಮರ್ಡ್ ಕಾರ್‌ನಿಂದ ಹಿಡಿದು ವಿಜಯಂತ ಟ್ಯಾಂಕಿನವರೆಗೆ ಬಯಲಲ್ಲಿ ಸಾಲಾಗಿ ನಿಲ್ಲಿಸಿದ್ದಾರೆ. ಬಿಸಿಲು ಏರುವ ಮೊದಲೇ ತಲುಪಿ. ಮಗಳನ್ನೂ ಕರೆದುಕೊಂಡು ಹೋಗಿ, ಅಜ್ಜ ಹೇಳೋದನ್ನೆಲ್ಲ ಅವಳು ಫೋನಿನಲ್ಲಿ ರೆಕಾರ್ಡ್ ಮಾಡಲಿ. ಇಂಜಿನಿಯರಿಂಗ್ ಸೇರುವ ಹುಡುಗಿಗೆ ಇದಕ್ಕಿಂತ ಒಳ್ಳೆಯ ಪಾಠ ಎಲ್ಲಿ ಸಿಗುತ್ತದೆ?

ಆಮೇಲೆ ಅಪ್ಪನಿಗೆ ಮನಸ್ಸಿದ್ದರೆ ಚಾಕಣ್‌ಗೂ ಕರೆದುಕೊಂಡು ಹೋಗಿ. ಅವರು ಒಂದು ಸುತ್ತು ಹಾಕಲಿ. ಕವಚದ ದಪ್ಪ ಉಕ್ಕು ಅಷ್ಟು ಬೇಗ ತಿನ್ನಿಸಿಕೊಳ್ಳೋದಿಲ್ಲ. ಮುಚ್ಚಳ ತೆರೆದು ಮಳೆಗೆ ಬಿಟ್ಟಿದ್ದರೆ ನೀರು ತಳದಲ್ಲಿ ನಿಂತು ಒಳಗಿನದ್ದು ಕೆಟ್ಟಿರುತ್ತದೆ. ಎಂಜಿನ್ ಜಾಮ್ ಆಗಿದೆಯೋ, ಚಕ್ರದ ಹಬ್‌ನ ಎಣ್ಣೆಯಲ್ಲಿ ನೀರು ಸೇರಿದೆಯೋ ಅಂತ ನಿಮಗಿಂತ ಅವರಿಗೆ ಬೇಗ ತಿಳಿಯುತ್ತದೆ. ಅವರು ‘ಬಿಡು ಮಗಾ, ಇದರಲ್ಲಿ ಏನೂ ಉಳಿದಿಲ್ಲ’ ಅಂದರೆ ಅದೇ ಕೊನೆಯ ಮಾತಾಗಲಿ.

ಗ್ರೀಸ್ ಮೆತ್ತಿದ ಕೈಗಳಿಂದ ಮಿಲಿಟರಿ ಗಾಡಿಯೊಂದನ್ನು ಅಪ್ಪ-ಮಗ ಸೇರಿ ಓಡಿಸಬೇಕು ಅನ್ನೋದಷ್ಟೇ ಆಸೆಯಾದರೆ ಜೋಂಗಾ ಇದೆಯಲ್ಲ. ಜಬಲ್‌ಪುರದಲ್ಲಿ ಸೇನೆಗಾಗಿ ತಯಾರಾದ ನಿಸಾನ್ ಜೀಪು, ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಆರ್‌ಟಿಓ ನಂಬರ್ ಆಗಿರುವ, ಆರ್‌ಸಿ ಇರುವ ಜೋಂಗಾಗಳು ಕೈಬದಲಾಗುತ್ತಲೇ ಇರುತ್ತವೆ. ಅದನ್ನು ಬಲ್ಲ ಮೆಕ್ಯಾನಿಕ್ಕುಗಳೂ ಸಿಗುತ್ತಾರೆ. ಸೊಸೈಟಿಯ ಪಾರ್ಕಿಂಗಿನಲ್ಲೂ ನಿಲ್ಲುತ್ತದೆ. ನನ್ನ ಮನಸ್ಸು ಅದರ ಕಡೆಗೇ ವಾಲುತ್ತದೆ.

ಯಾರ್ಡಿನವರಿಗೆ ನಾಳೆಯೇ ವಾಟ್ಸಾಪಿನಲ್ಲಿ ಬರೆದು ಹಾಕಿ: ಐವತ್ತು ಸಾವಿರಕ್ಕೆ ರಸೀದಿ ಬೇಕು, ರಿಲೀಸ್ ಆರ್ಡರಿನ ಝೆರಾಕ್ಸ್ ಬೇಕು, ಹದಿನೈದು ದಿನದಲ್ಲಿ ಅದು ಬರದಿದ್ದರೆ ದುಡ್ಡು ವಾಪಸ್ ಬೇಕು. ಝೆರಾಕ್ಸ್ ಬಂದರೆ ಅದರಲ್ಲಿರುವ ಚಾಸಿಸ್ ನಂಬರನ್ನು ಗಾಡಿಯ ಮೇಲಿನ ಪ್ಲೇಟಿಗೆ ಹೋಲಿಸಿ ನೋಡಿ ನನಗೆ ಮತ್ತೆ ಬರೆಯಿರಿ. ಹೆಂಡತಿ, ಅಪ್ಪ ಏನಂದರು ಅನ್ನೋದನ್ನೂ ಬರೆಯಿರಿ.