ಡರ್ಬಿ ದಿನ ಸಾಲ ತೀರಿಸುವ ಯೋಚನೆ: ನಿಮ್ಮ ಮೂರು ಪ್ರಶ್ನೆಗಳಿಗೆ ಉತ್ತರ

ನಮಸ್ಕಾರ. ನಿನ್ನೆ ರಾತ್ರಿ ನೀವು ನಮ್ಮ ರೇಸ್ ಪ್ರಿಯರ ಗುಂಪಿನಲ್ಲಿ ಬರೆದದ್ದನ್ನು ಎರಡು ಸಲ ಓದಿದೆ. ನಾಲ್ಕು ತಿಂಗಳಲ್ಲಿ ಕುದುರೆ ರೇಸಿನಲ್ಲಿ 62,000 ರೂಪಾಯಿ ಹೋಗಿದೆ, ಅದರಲ್ಲಿ ಅರ್ಧದಷ್ಟು ಮೊಬೈಲ್ ಆ್ಯಪ್‌ನಿಂದ ತೆಗೆದ ಸಾಲ ಎಂದಿದ್ದೀರಿ. ಜಿಎಸ್‌ಟಿ ಏರಿದ ಮೇಲೆ ಲೆಕ್ಕ ಹಾಕುವುದು ಹೇಗೆ, ಆನ್‌ಲೈನ್ ಆಟಗಳ ನಿಷೇಧ ಕುದುರೆಗೂ ಬರುತ್ತದೆಯೇ, ಸೀಸನ್ನಿನ ದೊಡ್ಡ ರೇಸು ನಡೆಯುವ ಡರ್ಬಿ ದಿನ ಒಂದೇ ಏಟಿಗೆ ಹಣ ವಾಪಸು ಪಡೆಯುವ ದಾರಿ ಯಾವುದು ಎಂದು ಕೇಳಿದ್ದೀರಿ. ಅದಕ್ಕೆ ಒಬ್ಬ ಹಿರಿಯರು ಸೋತಾಗಲೆಲ್ಲ ಬೆಟ್ ದುಪ್ಪಟ್ಟು ಮಾಡಿ ಎಂದು ಉತ್ತರಿಸಿದ್ದಾರೆ. ಇನ್ನೊಬ್ಬರು ತೆರಿಗೆಯೇ ಇಲ್ಲದ ವಿದೇಶಿ ಆ್ಯಪ್ ಒಂದನ್ನು ಸೂಚಿಸಿದ್ದಾರೆ. ಎರಡೂ ಸಲಹೆಗಳು ನಿಮ್ಮನ್ನು ಇನ್ನಷ್ಟು ಆಳಕ್ಕೆ ತಳ್ಳುತ್ತವೆ. ಏಕೆಂದು ಲೆಕ್ಕ ಸಮೇತ ಬರೆಯುತ್ತೇನೆ. ಉದ್ದವಾಗುತ್ತದೆ, ಆದರೂ ಪೂರ್ತಿ ಓದಿ.

ಮೊದಲು ತೆರಿಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಕುದುರೆ ರೇಸಿಗೆ ಶೇ 28 ಎಂದಾಯಿತು. ರೇಸು ನಡೆಸುವ ಕ್ಲಬ್ ತನ್ನ ಕಮಿಷನ್ ಮೇಲೆ ಮಾತ್ರ ತೆರಿಗೆ ಕಟ್ಟಬೇಕೋ, ನಾವು ಆಡುವ ಪೂರ್ತಿ ಹಣದ ಮೇಲೋ ಎನ್ನುವುದೇ ಜಗಳವಾಗಿತ್ತು. 2021ರಲ್ಲಿ ಕರ್ನಾಟಕ ಹೈಕೋರ್ಟಿನ ಏಕಸದಸ್ಯ ಪೀಠ ಕಮಿಷನ್ ಮೇಲೆ ಮಾತ್ರ ಎಂಬ ಬೆಂಗಳೂರು ಮತ್ತು ಮೈಸೂರು ಕ್ಲಬ್‌ಗಳ ವಾದವನ್ನು ಒಪ್ಪಿತ್ತು. ಆಮೇಲೆ ಕಾನೂನನ್ನೇ ತಿದ್ದಿದರು. 2023ರ ಅಕ್ಟೋಬರ್ 1ರಿಂದ ಪೂರ್ಣ ಮುಖಬೆಲೆಯ, ಅಂದರೆ ಬೆಟ್‌ನ ಪೂರ್ತಿ ಹಣದ ಮೇಲೆ ಶೇ 28, ಜಿಎಸ್‌ಟಿ ಮಂಡಳಿಯ ಸೆಪ್ಟೆಂಬರ್ ತೀರ್ಮಾನದಂತೆ 2025ರ ಸೆಪ್ಟೆಂಬರ್ 22ರಿಂದ ಶೇ 40.

ಹಾಗೆಂದರೆ ನಮ್ಮ ಜೇಬಿಗೆ ಏನಾಗುತ್ತದೆ? ನೀವು 100 ರೂಪಾಯಿಯ ಬೆಟ್ ಕಟ್ಟಿದರೆ ಕೈಯಿಂದ ಹೋಗುವುದು 140. ಟಿಕೆಟ್ ಬೆಲೆಯೊಳಗೇ ತೆರಿಗೆ ಸೇರಿಸಿದ್ದರೂ ಪ್ರಮಾಣ ಅದೇ. ಟೋಟ್‌ನಲ್ಲಿ, ಅಂದರೆ ಕ್ಲಬ್ಬೇ ನಡೆಸುವ ಬೆಟ್ಟಿಂಗ್‌ನಲ್ಲಿ, ಎಲ್ಲರ ಹಣವೂ ಪೂಲ್ ಎಂಬ ಒಂದೇ ರಾಶಿಗೆ ಸೇರುತ್ತದೆ, ಕ್ಲಬ್ ತನ್ನ ಪಾಲನ್ನು ತೆಗೆದ ಮೇಲೆ ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ಕಡಿತ ಪೂಲಿನಿಂದ ಪೂಲಿಗೆ ಬೇರೆ. ಲೆಕ್ಕಕ್ಕೆಂದು ನೂರಕ್ಕೆ 20 ಎಂದು ಇಟ್ಟುಕೊಳ್ಳೋಣ. ಆಗ ಆಡುವವರೆಲ್ಲ ಸೇರಿ 140 ಕೊಟ್ಟು 80 ವಾಪಸು ಪಡೆಯುತ್ತಾರೆ. ನೂರಕ್ಕೆ 57 ಮಾತ್ರ. ಹತ್ತು ಸಾವಿರ ಇಟ್ಟುಕೊಂಡು ಬಂದು, ಬಂದದ್ದನ್ನೆಲ್ಲ ಮುಂದಿನ ರೇಸಿಗೆ ಹಾಕುತ್ತ ಹೋದರೆ ಸರಾಸರಿಯಲ್ಲಿ ಮೊದಲ ರೇಸಿನ ನಂತರ 5,714, ಎರಡನೆಯದರ ನಂತರ 3,265, ಐದನೆಯ ರೇಸು ಮುಗಿಯುವಾಗ ಸುಮಾರು 609. ಕೆಲವರು ಇದಕ್ಕಿಂತ ಹೆಚ್ಚು ಒಯ್ಯುತ್ತಾರೆ, ನಿಜ. ಆ ಹೆಚ್ಚಿನ ಹಣ ಪಕ್ಕದವರ ಜೇಬಿನದು.

ಈಗ ದುಪ್ಪಟ್ಟು ಮಾಡುವ ವಿಧಾನ. ನಾನು ಯುವಕನಾಗಿದ್ದಾಗ ನನಗೂ ಇದನ್ನೇ ಹೇಳಿಕೊಟ್ಟಿದ್ದರು. 500ರಿಂದ ಆರಂಭಿಸಿ, ಸೋತರೆ 1,000, ಮತ್ತೆ ಸೋತರೆ 2,000. ಹೀಗೆ ಒಂದು ದಿನ ಗೆದ್ದೇ ಗೆಲ್ಲುತ್ತೀರಿ, ಎಲ್ಲವೂ ವಾಪಸು ಬಂದು 500 ಲಾಭ ಉಳಿಯುತ್ತದೆ ಎಂಬ ನಂಬಿಕೆ. ಸತತ ಏಳು ಸೋಲು ಅಪರೂಪವಲ್ಲ, ಎರಡು ವಾರಾಂತ್ಯ ಕೋರ್ಸಿಗೆ ಹೋದವರಿಗೆಲ್ಲ ಗೊತ್ತು. ಎಂಟನೆಯ ಬೆಟ್ 64,000. ಅದು ಸಮಸಮದ ದರದಲ್ಲಿ, ಅಂದರೆ ನೂರಕ್ಕೆ ನೂರು ಲಾಭದಲ್ಲಿ, ಗೆದ್ದೇಬಿಟ್ಟಿತು ಎಂದುಕೊಳ್ಳಿ. ಕೈಗೆ ಬರುವುದು 1,28,000. ಎಂಟು ಬೆಟ್‌ಗಳ ಒಟ್ಟು ಮೊತ್ತ 1,27,500, ತೆರಿಗೆ ಸೇರಿಸಿದರೆ ಕೊಟ್ಟದ್ದು 1,78,500. ಗೆದ್ದ ದಿನವೇ 50,500 ನಷ್ಟ! ಗೆದ್ದ ಹಣದಲ್ಲಿ ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆಯನ್ನು ಇನ್ನೂ ಸೇರಿಸಿಲ್ಲ. ಸಲಹೆ ಕೊಟ್ಟ ಹಿರಿಯರ ಮೇಲೆ ನನಗೆ ಗೌರವವಿದೆ, ಆದರೆ ಈ ಲೆಕ್ಕವನ್ನು ಅವರೂ ಒಮ್ಮೆ ಕಾಗದದ ಮೇಲೆ ಹಾಕಿ ನೋಡಬೇಕೆಂದು ಕೈಮುಗಿದು ಕೇಳುತ್ತೇನೆ. ಹೊಸಬರು ಹಿರಿಯರ ಮಾತನ್ನು ನಂಬಿ ಸಾಲ ಮಾಡುತ್ತಾರೆ.

ಇದರ ಇನ್ನೊಂದು ಮುಖವನ್ನೂ ನೋಡಿ. ಭಾರೀ ಫೇವರಿಟ್, ಅಂದರೆ ಹೆಚ್ಚು ಜನ ಗೆಲ್ಲುವುದೆಂದು ನಂಬಿದ ಕುದುರೆಯ ಮೇಲೆ ಕಟ್ಟಿದರೆ ಸುರಕ್ಷಿತ ಎಂದು ಅನೇಕರು ತಿಳಿದಿದ್ದಾರೆ. ನೂರಕ್ಕೆ ನಲವತ್ತು ಲಾಭ ಕೊಡುವ ಫೇವರಿಟ್ ಗೆದ್ದರೆ ನಿಮಗೆ ಸಿಗುವುದು 140, ನೀವು ಕೊಟ್ಟದ್ದೂ 140. ಗೆದ್ದರೆ ಸೊನ್ನೆ, ಸೋತರೆ 140 ಹೋಯಿತು. ಅದಕ್ಕಿಂತ ಕಡಿಮೆ ದರದ ಕುದುರೆ ಗೆದ್ದಾಗಲೂ ಸೋತಂತೆಯೇ. ಸಮಸಮದ ದರದ ಕುದುರೆಯಲ್ಲಿ ಲಾಭವೂ ಇಲ್ಲದೆ ನಷ್ಟವೂ ಇಲ್ಲದೆ ನಿಲ್ಲಬೇಕಾದರೆ ಹತ್ತರಲ್ಲಿ ಏಳು ಸಲ ಗೆಲ್ಲಬೇಕು. ಬೆಳಗ್ಗೆ ಟ್ರ್ಯಾಕಿನಲ್ಲಿ ಕುದುರೆಗಳ ಅಭ್ಯಾಸ ನೋಡಿ, ರೇಸ್ ಪುಸ್ತಕ ಓದಿ, ತೂಕ ಮತ್ತು ದೂರ ಅಳೆದು ಆರಿಸುವ ನಿಪುಣರಿಗೂ ಅದು ಆಗದ ಮಾತು.

ಎರಡನೆಯ ಪ್ರಶ್ನೆ ಕಾನೂನಿನದು. 1996ರ ಜನವರಿ 12ರಂದು ಸುಪ್ರೀಂ ಕೋರ್ಟ್ ಲಕ್ಷ್ಮಣನ್ ಪ್ರಕರಣದಲ್ಲಿ ಕುದುರೆ ರೇಸು ಕೌಶಲದ ಆಟ, ಬರೀ ಅದೃಷ್ಟದ್ದಲ್ಲ ಎಂದು ಹೇಳಿತು. ಅದು ಮದ್ರಾಸ್ ರೇಸ್ ಕ್ಲಬ್ಬನ್ನು ತಮಿಳುನಾಡು ಸರ್ಕಾರ ತನ್ನ ವಶಕ್ಕೆ ತೆಗೆದುಕೊಳ್ಳಲು ಹೊರಟಾಗ ಬಂದ ತೀರ್ಪು. ಕುದುರೆಯ ತಳಿ, ತರಬೇತಿ, ಜಾಕಿಯ ಜಾಣ್ಮೆ ಇವುಗಳ ಮೇಲೆ ಫಲಿತಾಂಶ ನಿಂತಿದೆ ಎನ್ನುವುದು ಅದರ ತಿರುಳು. ನಮ್ಮ ಗುಂಪಿನಲ್ಲಿ ಈ ತೀರ್ಪನ್ನು ಎತ್ತಿ ಹಿಡಿದು, ಹಾಗಾದರೆ ಕೌಶಲವಿದ್ದವನು ದುಡ್ಡು ಮಾಡಬಹುದು ಎನ್ನುವವರಿದ್ದಾರೆ. ಕೋರ್ಟ್ ಹೇಳಿದ್ದು ಆಟದ ಸ್ವರೂಪದ ಬಗ್ಗೆ. ನಿಮಗೆ ಲಾಭ ಬರುತ್ತದೆ ಎಂದು ಅದು ಎಲ್ಲೂ ಹೇಳಿಲ್ಲ.

ಬಾಜಿ ಮತ್ತು ಜೂಜು ಸಂವಿಧಾನದ ರಾಜ್ಯ ಪಟ್ಟಿಯಲ್ಲಿ 34ನೆಯ ವಿಷಯ. ನಮ್ಮಲ್ಲಿ 1952ರ ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯ್ದೆಯಂತೆ ರಾಜ್ಯ ಸರ್ಕಾರ ಪರವಾನಗಿ ಕೊಟ್ಟರೆ ಕೋರ್ಸಿನಲ್ಲಿ ರೇಸು ನಡೆಯುತ್ತದೆ. ಆನ್‌ಲೈನ್ ಹಣದ ಆಟಗಳ ಕಥೆಯೇ ಬೇರೆ. ಕೇಂದ್ರದ ಹೊಸ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರಲ್ಲಿ ಕೌಶಲದ ಆಟ, ಅದೃಷ್ಟದ ಆಟ ಎಂಬ ಭೇದವನ್ನೇ ತೆಗೆದುಹಾಕಿದ್ದಾರೆ, ಹಾಗಾಗಿ ಕೌಶಲದ ಆಟ ಎಂಬ ಮಾತು ಅಲ್ಲಿ ನೆರವಿಗೆ ಬಾರದು. ಹಣ ಕಟ್ಟಿಸಿಕೊಂಡು ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಕೊಟ್ಟವರಿಗೆ ಎರಡು ವರ್ಷ, 50 ಲಕ್ಷದವರೆಗೆ. ಭಾರತ ಕ್ರಿಕೆಟ್ ತಂಡದ ಅಂಗಿಯ ಮೇಲಿದ್ದ ಪ್ರಾಯೋಜಕರ ಹೆಸರು ಏಷ್ಯಾ ಕಪ್ ಹೊತ್ತಿಗೆ ಕಾಣದಂತಾದದ್ದು ಈ ಕಾಯ್ದೆಯಿಂದಲೇ.

ಹೀಗಿರುವಾಗ ವಿದೇಶಿ ಆ್ಯಪ್ ಏಕೆ ಬೇಡ? ಆ ಕಾಯ್ದೆಯಲ್ಲಿ ಶಿಕ್ಷೆ ಇರುವುದು ಆಡಿಸುವವರಿಗೆ, ಆಡುವವರಿಗಲ್ಲ, ಆದ್ದರಿಂದ ನಮಗೇನು ಎಂದು ಆ ಗೆಳೆಯರು ಬರೆದಿದ್ದಾರೆ. ಹಣ ಹೋಗುವ ದಾರಿ ನೋಡಿ. ನೀವು ದುಡ್ಡು ಹಾಕುವುದು ಯಾರದೋ ಬಾಡಿಗೆಗೆ ಪಡೆದ ಬ್ಯಾಂಕ್ ಖಾತೆಗೆ. ಗೆದ್ದ ಹಣ ಬರುವುದೂ ಅಂಥ ಇನ್ನೊಂದು ಖಾತೆಯಿಂದ. ಆ ಖಾತೆಯ ಮೇಲೆ ಯಾವುದೋ ರಾಜ್ಯದಲ್ಲಿ ಸೈಬರ್ ವಂಚನೆಯ ದೂರು ದಾಖಲಾದರೆ ಹಣದ ಜಾಡು ಹಿಡಿದು ಬಂದು ನಿಮ್ಮ ಸಂಬಳದ ಖಾತೆಯನ್ನೂ ತಡೆಹಿಡಿಯಬಹುದು. ನನ್ನ ಪರಿಚಯದ ಒಬ್ಬರು ಮಗಳ ಕಾಲೇಜು ಶುಲ್ಕ ಕಟ್ಟುವ ವಾರದಲ್ಲಿ ಹೀಗೆ ಸಿಕ್ಕಿಕೊಂಡು, ಬ್ಯಾಂಕು ಮತ್ತು ಠಾಣೆಯ ನಡುವೆ ಎರಡು ತಿಂಗಳು ಅಲೆದರು. ಗೆದ್ದ ಹಣವನ್ನು ಆ್ಯಪ್‌ನವರು ಕೊಡದಿದ್ದರೆ ಕೇಳಲು ಯಾವ ಬಾಗಿಲೂ ಇಲ್ಲ. 1872ರ ಕರಾರು ಕಾಯ್ದೆಯ 30ನೆಯ ಸೆಕ್ಷನ್ ಪ್ರಕಾರ ಬಾಜಿಯ ಒಪ್ಪಂದ ಅನೂರ್ಜಿತ, ಆ ಹಣಕ್ಕೆ ದಾವೆ ಹೂಡಲಾಗದು. ಅದೇ ಸೆಕ್ಷನ್‌ನಲ್ಲಿ ಕುದುರೆ ರೇಸಿಗೆ ಒಂದು ವಿನಾಯಿತಿ ಇದೆ ಎಂದು ಕೆಲವರು ಹೇಳುತ್ತಾರೆ. ಇದೆ, ಆದರೆ ಅದು ಗೆದ್ದ ಕುದುರೆಗೆ ಕೊಡುವ 500 ರೂಪಾಯಿ ಅಥವಾ ಅದಕ್ಕೂ ಹೆಚ್ಚಿನ ಬಹುಮಾನಕ್ಕೆ ಹಾಕುವ ವಂತಿಗೆಗೆ ಮಾತ್ರ. ಟ್ರ್ಯಾಕಿನ ಬೇಲಿಯ ಹೊರಗೆ ನಿಂತು ಬೆಟ್ ಕಟ್ಟುವ ನಮಗಲ್ಲ. ಕೋರ್ಸಿನ ಹೊರಗೆ ಚೀಟಿಯಿಲ್ಲದೆ ಫೋನಿನಲ್ಲಿ ಆಡಿಸುವ ಬುಕ್ಕಿಯದೂ ಇದೇ ಕಥೆ.

ಶೇ 40 ನ್ಯಾಯವೇ ಎಂದು ಕೇಳಿದರೆ, ನನ್ನ ಪ್ರಕಾರ ಅಲ್ಲ. ಇಷ್ಟು ಭಾರ ಹಾಕಿದರೆ ಆಡುವವರು ಕೋರ್ಸಿನ ಟೋಟ್ ಬಿಟ್ಟು ಕಳ್ಳ ಬುಕ್ಕಿಯ ಬಳಿಗೆ ಹೋಗುತ್ತಾರೆ. ಸರ್ಕಾರಕ್ಕೆ ತೆರಿಗೆಯೂ ಹೋಗುತ್ತದೆ, ರೇಸಿನ ಬಹುಮಾನದ ಹಣವೂ ಕುಗ್ಗುತ್ತದೆ. ಅದರ ಪೆಟ್ಟು ಬೀಳುವುದು ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಕುದುರೆಯ ಮೈ ಉಜ್ಜುವ ಸೈಸ್‌ಗಳ ಮೇಲೆ, ಲಾಳ ಕಟ್ಟುವವರ ಮೇಲೆ, ಬೆಳಗ್ಗೆ ಕುದುರೆಗಳನ್ನು ಓಡಿಸಿ ಅಭ್ಯಾಸ ಮಾಡಿಸುವ ರೈಡಿಂಗ್ ಹುಡುಗರ ಮೇಲೆ. ಇದನ್ನು ಸರ್ಕಾರಕ್ಕೆ ಬರೆಯೋಣ, ನಾನೂ ಸಹಿ ಹಾಕುತ್ತೇನೆ. ಆದರೆ ತೆರಿಗೆ ಹೆಚ್ಚಾಯಿತೆಂದು ಅಕ್ರಮದ ದಾರಿ ಹಿಡಿಯುವುದನ್ನು ನಾನು ಒಪ್ಪುವುದಿಲ್ಲ.

ಆದಾಯ ತೆರಿಗೆಯನ್ನು ನೀವು ಕೇಳಿಲ್ಲ, ಆದರೂ ತಿಳಿದಿರಿ. ರೇಸಿನಲ್ಲಿ ಗೆದ್ದ ಹಣಕ್ಕೆ ಶೇ 30, ಸೆಸ್ ಸೇರಿ ಶೇ 31.2. ಒಂದು ಗೆಲುವು 10,000 ದಾಟಿದರೆ ಮೂಲದಲ್ಲೇ ಹಿಡಿಯುತ್ತಾರೆ. ಸೋತದ್ದನ್ನು ಇದರಲ್ಲಿ ಕಳೆಯಲು ಬಿಡುವುದಿಲ್ಲ. ಒಂದು ಶನಿವಾರ 50,000 ಗೆದ್ದು ಉಳಿದ ಸೀಸನ್ ಪೂರ್ತಿ 80,000 ಸೋತವರೂ ಆ 50,000ಕ್ಕೆ 15,600 ಕಟ್ಟಬೇಕು. 12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ರಿಯಾಯಿತಿಯೂ ಈ ಹಣಕ್ಕೆ ಅನ್ವಯಿಸುವುದಿಲ್ಲ.

ನೀವು ತಿಂಗಳಿಗೆ ಹಣ ಕೊಟ್ಟು ಸೇರಿರುವ ಟಿಪ್ಸ್ ಗುಂಪಿನಿಂದ ಇವತ್ತೇ ಹೊರಗೆ ಬನ್ನಿ. ಅವರು ಹೇಳಿದ ಕುದುರೆ ಎರಡು ಸಲ ಸತತವಾಗಿ ಬಂದಿತೆಂದು ಬರೆದಿದ್ದೀರಿ. ಎಂಟು ಕುದುರೆ ಓಡುವ ರೇಸಿಗೆ 800 ಜನರಿಗೆ ಸಂದೇಶ ಕಳುಹಿಸುತ್ತಾರೆ, ನೂರು ನೂರು ಜನಕ್ಕೆ ಒಂದೊಂದು ಕುದುರೆಯ ಹೆಸರು. ಗೆದ್ದ ಕುದುರೆಯ ಹೆಸರು ಸಿಕ್ಕ ನೂರು ಜನರಿಗೆ ಮಾತ್ರ ಮುಂದಿನ ಸಂದೇಶ, ಮತ್ತೆ ಎಂಟು ಪಾಲು. ಕೊನೆಗೆ ಹನ್ನೆರಡು ಹದಿಮೂರು ಜನರಿಗೆ ಎರಡು ರೇಸಿನಲ್ಲೂ ಸರಿಯಾದ ಹೆಸರೇ ಬಂದಿರುತ್ತದೆ. ಅವರು ಮೂರನೆಯದಕ್ಕೆ ಎಷ್ಟು ಬೇಕಾದರೂ ಕೊಡುತ್ತಾರೆ. ನೀವು ಆ ಹನ್ನೆರಡರಲ್ಲಿ ಒಬ್ಬರಾಗಿರುವ ಸಾಧ್ಯತೆ ಹೆಚ್ಚು.

ಇನ್ನು ಮೂರನೆಯ ಪ್ರಶ್ನೆ. ಡರ್ಬಿ ದಿನ ಹಣ ಹಿಂದಕ್ಕೆ ಪಡೆಯುವ ದಾರಿ ಇಲ್ಲ. ನನ್ನ ಅನುಭವವನ್ನೇ ಹೇಳುತ್ತೇನೆ. ಹಲವು ವರ್ಷ ನಾನು ಹೆಚ್ಚುಕಡಿಮೆ ಸಮವಾಗಿದ್ದೇನೆ ಎಂದು ನಂಬಿದ್ದೆ. ಒಂದು ಸೀಸನ್ ಪ್ರತಿ ಟಿಕೆಟ್ಟನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಟ್ಟೆ. ಗೆದ್ದ ದಿನಗಳು ಮನಸ್ಸಿನಲ್ಲಿ ದೊಡ್ಡದಾಗಿ ಉಳಿದಿದ್ದವು, ಸೋತ ಸಣ್ಣ ಸಣ್ಣ ಟಿಕೆಟ್‌ಗಳು ಮರೆತೇ ಹೋಗಿದ್ದವು. ಕೊನೆಯ ಪುಟದಲ್ಲಿ ಬಂದ ನಷ್ಟದ ಮೊತ್ತ ನನ್ನ ಒಂದೂವರೆ ತಿಂಗಳ ಸಂಬಳ. ಆಗಿನ ತೆರಿಗೆ ಇವತ್ತಿನದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆ ನೋಟ್‌ಬುಕ್ಕನ್ನು ಹೆಂಡತಿಯ ಕೈಗೆ ಕೊಟ್ಟ ಸಂಜೆಯೇ ನನಗೆ ನಿದ್ದೆ ಬಂದದ್ದು.

ನೀವು ಮಾಡಬೇಕಾದದ್ದು ಇಷ್ಟು. ಸಾಲದ ವಿಷಯವನ್ನು ಮನೆಯಲ್ಲಿ ಹೇಳಿ, ಇವತ್ತು ರಾತ್ರಿಯೇ. ಆ್ಯಪ್ ಸಾಲಕ್ಕೆ ಬಡ್ಡಿ ಹೆಚ್ಚು, ಆದ್ದರಿಂದ ಅದನ್ನೇ ಮೊದಲು ತೀರಿಸಿ. ಸಹಕಾರಿ ಸಂಘದಲ್ಲೋ ಕಚೇರಿಯ ಸೊಸೈಟಿಯಲ್ಲೋ ಕಡಿಮೆ ಬಡ್ಡಿಗೆ ಸಿಕ್ಕರೆ ಅದಕ್ಕೆ ಬದಲಾಯಿಸಿಕೊಳ್ಳಿ. ವಸೂಲಿಯವರು ಬೆದರಿಸಿದರೆ ಅಥವಾ ನಿಮ್ಮ ಸಂಪರ್ಕದವರಿಗೆಲ್ಲ ಸಂದೇಶ ಕಳುಹಿಸಿದರೆ 1930ಕ್ಕೆ ಕರೆ ಮಾಡಿ ಸೈಬರ್ ದೂರು ಕೊಡಿ. ಹೋದ ಹಣವನ್ನು ಆಟದಿಂದಲೇ ತರಬೇಕೆಂಬ ತುಡಿತ ರಾತ್ರಿ ಎಬ್ಬಿಸುತ್ತಿದೆ ಎಂದಿದ್ದೀರಲ್ಲ, ಅದಕ್ಕೆ 14416 ಟೆಲಿ ಮಾನಸ್ ಸಂಖ್ಯೆ ಇದೆ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಜೂಜಿನ ಚಟವನ್ನು ವೈದ್ಯರು ಮದ್ಯದ ಚಟದ ಸಾಲಿನಲ್ಲೇ ಇಟ್ಟು ಚಿಕಿತ್ಸೆ ಕೊಡುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಹೋಗುವುದರಲ್ಲಿ ನಾಚಿಕೆ ಬೇಡ.

ಸಾಲ ಪೂರ್ತಿ ತೀರುವವರೆಗೆ ಒಂದು ಟಿಕೆಟ್ಟೂ ಬೇಡ. ಅಲ್ಲಿಯವರೆಗೆ ಕುದುರೆ ನೋಡಲು ಯಾರ ಅಡ್ಡಿಯೂ ಇಲ್ಲ. ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಿ ತೋರಿಸುವ ಪ್ಯಾಡಕ್ ಅಂಗಳದ ಬೇಲಿಗೆ ಒರಗಿ ನಿಂತು ನೋಡಿ. ಯಾವ ಕುದುರೆ ಕಿವಿ ಮುಂದಕ್ಕೆ ನಿಗುರಿಸಿ ಹಗುರವಾಗಿ ಹೆಜ್ಜೆ ಇಡುತ್ತಿದೆ, ಯಾವುದು ಓಡುವ ಮೊದಲೇ ಕತ್ತಿನಲ್ಲಿ, ತೊಡೆಗಳ ನಡುವೆ ಬೆವರಿ ನೊರೆ ಕಟ್ಟಿದೆ, ಯಾವುದರ ಸೈಸ್ ಎರಡು ಕೈಯಲ್ಲಿ ಲಗಾಮು ಹಿಡಿದು ತಿಣುಕುತ್ತಿದ್ದಾನೆ. ರೇಸ್ ಪುಸ್ತಕದ ಅಂಚಿನಲ್ಲಿ ನಿಮ್ಮ ಆಯ್ಕೆಯನ್ನು ಪೆನ್ಸಿಲಿನಲ್ಲಿ ಬರೆದಿಡಿ, ಹಣ ಕಟ್ಟಬೇಡಿ. ಐವತ್ತು ರೇಸುಗಳಾದ ಮೇಲೆ ಆ ಪುಸ್ತಕ ತೆರೆದು, ಪ್ರತಿ ನೂರಕ್ಕೆ 140 ಕೊಟ್ಟಂತೆ ಲೆಕ್ಕ ಹಾಕಿ ನೋಡಿ.

ಡರ್ಬಿ ದಿನ ಬರುವುದಾದರೆ ಮನೆಯವರನ್ನೂ ಕರೆದುಕೊಂಡು ಬನ್ನಿ, ಫೋನನ್ನು ಅವರ ಕೈಯಲ್ಲೇ ಇಡಿ. ನಾನು ಮೂರನೆಯ ರೇಸಿಗೆ ಮುಂಚೆ ಪ್ಯಾಡಕ್ ಬಳಿಯೇ ಇರುತ್ತೇನೆ. ಬರುವ ಮೊದಲು ಒಂದು ಸಂದೇಶ ಹಾಕಿ, ಎಲ್ಲಿ ನಿಂತಿದ್ದೇನೆಂದು ತಿಳಿಸುತ್ತೇನೆ.