ಹಲಗೆ ಮುಂದಿಟ್ಟುಕೊಂಡು ಯೋಚಿಸಿ

ಸಿಂಧನೂರಿನ ಓದುಗರೊಬ್ಬರ ಪತ್ರ: ‘ಮಗಳು ನೆಲದ ಮೇಲೆ ಕೂತು ಬರೆಯಲು ಒಂದು ತಗ್ಗಿನ ಮೇಜು ಮಾಡಬೇಕೆಂದು ಸಾಗವಾನಿ ಹಲಗೆ ತಂದಿಟ್ಟೆ. ಬಡಿಗೇರರಿಗೆ ಕೊಡದೆ ನಾನೇ ಮಾಡುವ ಆಸೆ. ಯಾವ ಜೋಡಣೆ, ಎಷ್ಟು ಎತ್ತರ, ಯಾವ ಪಾಲಿಶ್ ಎಂದು ಯೋಚಿಸುತ್ತಲೇ ವರ್ಷ ಕಳೆಯಿತು. ನೋಟ್‌ಬುಕ್ ತುಂಬ ನಕ್ಷೆಗಳಿವೆ, ಅರ್ಧ ಮಿಲಿಮೀಟರ್‌ವರೆಗೂ ಲೆಕ್ಕವಿದೆ. ಸಂದು ಉಳಿದರೆ ನೋಡಿದವರು ನಗುತ್ತಾರೆಂಬ ಅಂಜಿಕೆ. ಎಲ್ಲಕ್ಕಿಂತ ಗಟ್ಟಿ ಜೋಡಣೆ ಯಾವುದು, ಹೇಳಿ.’

ನಿಮ್ಮ ಪತ್ರ ಓದಿ ಖುಷಿಯಾಯಿತು. ಮಗಳ ಮೇಜನ್ನು ತಾನೇ ಮಾಡಬೇಕು ಅನ್ನುವ ಅಪ್ಪನಿಗೆ ಮೇಜು ಮುಗಿಸಿದ ಸಂತೋಷವೂ ಸಿಗಬೇಕು. ಅದಕ್ಕೇ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ.

ಯೋಚನೆ ಮಾಡಿ, ಆದರೆ ತಿದ್ದಲು ಬಾರದ ವಿಷಯಕ್ಕೆ ಮಾಡಿ. ಅಂಥವು ಈ ಮೇಜಿನಲ್ಲಿ ಬಹಳ ಕಡಿಮೆ. ಹಲಗೆ ಗಿಡ್ಡ ಕುಯ್ದರೆ ಮತ್ತೆ ಉದ್ದವಾಗುವುದಿಲ್ಲ. ಹಸಿ ಮರ ಬಳಸಿದರೆ ಆಮೇಲೆ ಸೊಟ್ಟಗಾಗುತ್ತದೆ. ನಿಮ್ಮ ಹಲಗೆ ವರ್ಷದಿಂದ ಮನೆಯೊಳಗೇ ಇದೆ, ಹಾಗಾಗಿ ಆ ಚಿಂತೆ ಅಷ್ಟಿಲ್ಲ. ಇನ್ನೊಂದು, ಮೇಲುಹಲಗೆಯನ್ನು ಅಲುಗದಂತೆ ಕಟ್ಟಿಹಾಕಿದರೆ ಸೀಳು ಬಿಡುತ್ತದೆ. ತಲೆ ಕೆಡಿಸಿಕೊಳ್ಳಬೇಕಾದದ್ದು ಇಷ್ಟಕ್ಕೇ. ಉಳಿದದ್ದನ್ನೆಲ್ಲ ಉಜ್ಜಬಹುದು, ತುಂಬಬಹುದು, ಮತ್ತೆ ಮಾಡಬಹುದು.

ನಿಮ್ಮ ಅರ್ಧ ಮಿಲಿಮೀಟರ್ ಲೆಕ್ಕವನ್ನು ಮರ ಕೇಳುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಿಮ್ಮ ಕಡೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಆಗ ಮರ ತನ್ನೊಳಗಿನ ತೇವ ಬಿಟ್ಟು ಕುಗ್ಗುತ್ತದೆ, ಮಳೆಗಾಲದಲ್ಲಿ ಮತ್ತೆ ಹಿಗ್ಗುತ್ತದೆ. ಎಳೆಯ ಉದ್ದಕ್ಕೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಅಗಲಕ್ಕೆ ಮಾತ್ರ ಚೆನ್ನಾಗಿ ಕಾಣುತ್ತದೆ. ಎಷ್ಟೋ ಮರಗಳಿಗಿಂತ ಸಾಗವಾನಿ ಇದರಲ್ಲಿ ಸಾಧು. ಆದರೂ ಎರಡಡಿ ಅಗಲದ ಹಲಗೆ ಎರಡು ಮೂರು ಮಿಲಿಮೀಟರ್ ಆಚೀಚೆ ಆಗಬಹುದು. ಹಾಗಾಗಿ ಮೇಲುಹಲಗೆಯನ್ನು ಚೌಕಟ್ಟಿಗೆ ಫೆವಿಕಾಲ್ ಹಾಕಿ ಅಂಟಿಸಬೇಡಿ. ಕೆಳಗಿನಿಂದ ಸ್ಕ್ರೂ ಹಾಕಿ. ಚೌಕಟ್ಟಿನಲ್ಲಿ ಸ್ಕ್ರೂ ತೂರುವ ತೂತು ಹಲಗೆಯ ಅಗಲದ ದಿಕ್ಕಿಗೆ ಸ್ವಲ್ಪ ಉದ್ದವಾಗಿರಲಿ. ಹಲಗೆಗೆ ಸರಿದಾಡಲು ಜಾಗ ಸಿಗುತ್ತದೆ.

ಈಗ ಜೋಡಣೆ. ಕಾಲಿನಲ್ಲಿ ತೂತು ಕೊರೆದು, ಅಡ್ಡಪಟ್ಟಿಯ ತುದಿಯಲ್ಲಿ ನಾಲಿಗೆ ಬಿಟ್ಟು ಕೂಡಿಸಿದರೆ ಸಾಕು. ಹಳೇ ಮನೆಗಳ ಬಾಗಿಲು ಚೌಕಟ್ಟು ನೋಡಿ, ಅಲ್ಲೂ ಇದೇ ಜೋಡಣೆ. ಎಲ್ಲಕ್ಕಿಂತ ಗಟ್ಟಿ ಯಾವುದೆಂದು ಹುಡುಕುತ್ತ ಕೂರಬೇಡಿ. ಈ ಮೇಜು ಹೊರಬೇಕಾದದ್ದು ನಾಲ್ಕು ಪುಸ್ತಕ ಮತ್ತು ಒಂದು ಮಗುವಿನ ಮೊಣಕೈ.

ಮೊದಲು ಸಾಮಿಲ್‌ನಿಂದ ಬೇವಿನ ತುಂಡೊಂದನ್ನು ತಂದು ಅದರಲ್ಲಿ ಮಾಡಿ ನೋಡಿ. ಗೆರೆಯನ್ನು ಪೆನ್ಸಿಲ್ ಬದಲು ಚೂರಿಯ ಮೊನೆಯಿಂದ ಗೀರಿ. ಗರಗಸ ಗೆರೆಯ ಹೊರಮಗ್ಗುಲಲ್ಲೇ ಓಡಲಿ, ನಾಲಿಗೆ ತುಸು ದಪ್ಪಗೇ ಇರಲಿ. ಆಮೇಲೆ ಉಳಿ ಹಿಡಿದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ಕೆತ್ತುತ್ತ, ತೂತಿಗೆ ಹಾಕಿ ನೋಡುತ್ತ ಹೋಗಿ. ಕೈಯಲ್ಲಿ ಒತ್ತಿದರೆ ಒಳಗೆ ಹೋಗಬೇಕು, ಬೋರಲು ಹಿಡಿದರೆ ಕಳಚಿ ಬೀಳಬಾರದು. ಆ ಬಿಗಿ ಎಷ್ಟೆಂದು ನಕ್ಷೆಯಲ್ಲಿ ಬರೆಯಲು ಬರುವುದಿಲ್ಲ. ಒಂದೆರಡು ತುಂಡು ಹಾಳಾದ ಮೇಲೆ ಕೈಗೇ ಗೊತ್ತಾಗುತ್ತದೆ.

ಸಂದಿನ ಅಂಜಿಕೆಗೆ ಒಂದು ಮಾತು. ಕೊಪ್ಪಳದ ಹತ್ತಿರದ ಕಿನ್ನಾಳಕ್ಕೆ ಒಮ್ಮೆ ಹೋಗಿ ಬನ್ನಿ. ಅಲ್ಲಿನ ಚಿತ್ರಗಾರರು ಹಗುರ ಮರದಲ್ಲಿ ಗೊಂಬೆಯ ಭಾಗಗಳನ್ನು ಬೇರೆ ಬೇರೆ ಕೆತ್ತಿ ಕೂಡಿಸುತ್ತಾರೆ. ಮರದ ಪುಡಿ, ಸೆಣಬಿನ ಪುಡಿ, ಹುಣಸೆ ಬೀಜದ ಅಂಟು ಕಲಸಿದ ಕಿಟ್ಟವನ್ನು ಮೆತ್ತಿ, ಅದರ ಮೇಲೆ ಬಣ್ಣಕ್ಕೆ ಅಣಿ ಮಾಡುತ್ತಾರೆ. ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಕಸುಬು ಅದು. ಸಂದು ತುಂಬುವುದು ಅಲ್ಲಿ ಕೆಲಸದ ಒಂದು ಹಂತ. ನೀವೂ ಸಾಗವಾನಿಯ ಸಣ್ಣ ಪುಡಿಯನ್ನು ಫೆವಿಕಾಲ್‌ನಲ್ಲಿ ಕಲಸಿ ತುಂಬಿ, ಒಣಗಿದ ಮೇಲೆ ಉಜ್ಜಿ. ಆ ಜಾಗ ಬೇರೆ ಬಣ್ಣದಲ್ಲಿ ಕಂಡರೆ ಕಾಣಲಿ ಬಿಡಿ.

ಎತ್ತರಕ್ಕೆ ನಕ್ಷೆ ಬೇಡ. ಮಗಳನ್ನು ಚಕ್ಕಳಮಕ್ಕಳ ಹಾಕಿ ಕೂರಿಸಿ, ಮೊಣಕೈ ಮಡಚಲು ಹೇಳಿ, ನೆಲದಿಂದ ಅಲ್ಲಿಯವರೆಗೆ ಅಳೆಯಿರಿ. ಒಂದು ಬೆರಳು ಜಾಸ್ತಿಯೇ ಇಡಿ. ವರ್ಷದ ಹಿಂದೆ ಬರೆದಿಟ್ಟ ಅಳತೆ ಈಗ ಆಕೆಗೆ ಆಗುವುದಿಲ್ಲ, ಅಲ್ವಾ? ನಿಮ್ಮನ್ನು ಇಷ್ಟು ಅವಸರ ಮಾಡುತ್ತಿರುವುದು ಇದೊಂದೇ ಕಾರಣಕ್ಕೆ. ಇನ್ನೊಂದು ವರ್ಷ ಹೋದರೆ ಆಕೆ ಕುರ್ಚಿ ಕೇಳಬಹುದು.

ಪಾಲಿಶ್ ವಿಷಯ ಮೇಜು ನಿಂತ ಮೇಲೆ ನೋಡಿದರಾಯಿತು. ಉಳಿದ ತುಂಡಿಗೆ ಅಗಸೆ ಎಣ್ಣೆ ತೆಳುವಾಗಿ ಹಚ್ಚಿ, ಬಣ್ಣ ಹಿಡಿಸಿದರೆ ಅದನ್ನೇ ಬಳಸಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅದು ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಹೊರಗೆ ಹರವಿ, ಪೂರ್ತಿ ಒಣಗಿದ ಮೇಲೆ ಬಿಸಾಡಿ.

— ಸಂಪಾದಕ