ಅಮ್ಮನ ಮಾತು ತಳ್ಳಿಹಾಕಬೇಡಿ

ಓದುಗರ ಪತ್ರದ ಸಾರ: ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ತಮ್ಮ ಐದು ತಿಂಗಳಿಂದ ಹಾಸಿಗೆ ಹಿಡಿದಿದ್ದಾನೆ. ಕಣ್ಣು ಬಿಡುತ್ತಾನೆ, ಮುಚ್ಚುತ್ತಾನೆ, ಅಷ್ಟೇ. ವೆಜಿಟೇಟಿವ್ ಸ್ಟೇಟ್, ಏನೂ ಗೊತ್ತಾಗಲ್ಲ ಅಂತಾರೆ ಡಾಕ್ಟರು. ತಾನು ಹತ್ತಿರ ಬಂದರೆ ಅವನು ನೋಡ್ತಾನೆ ಅಂತಾರೆ ಅಮ್ಮ. ಮಿದುಳಿಗೆ ಚಿಪ್ ಹಾಕಿ ಕಂಪ್ಯೂಟರಿನಿಂದ ಮಾತಾಡಿಸುವ ವಿಡಿಯೊ ನೋಡಿದೆ. ಅರ್ಧ ಎಕರೆ ತೋಟ ಮಾರಿ ಮಾಡಿಸೋಣವೇ?

ಸಂಪಾದಕರ ಉತ್ತರ: ತೋಟ ಮಾರಬೇಡಿ. ನೀವು ನೋಡಿರುವಂಥ ವಿಡಿಯೊಗಳಲ್ಲಿ ಇರುವವರು ಸಾಮಾನ್ಯವಾಗಿ ಪೂರ್ತಿ ಎಚ್ಚರ ಇದ್ದು ಕೈಕಾಲು, ನಾಲಿಗೆ ಸೋತವರು. ನಿಮ್ಮ ತಮ್ಮನದು ಬೇರೆ. ಅವನಂಥವರ ವಿಷಯದಲ್ಲಿ ಈ ಕೆಲಸ ಇನ್ನೂ ಸಂಶೋಧನೆಯ ಹಂತದಲ್ಲೇ ಇದೆ. ಚಿಪ್ ಹಾಕಿ ಮಾತಾಡಿಸ್ತೀವಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಹಾಗಂತ ಅಮ್ಮ ಹೇಳೋದು ಭ್ರಮೆ ಅಂತ ನಾನು ಒಪ್ಪಲ್ಲ. 2006ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಏಡ್ರಿಯನ್ ಓವನ್ ಅನ್ನೋ ಮಿದುಳು ವಿಜ್ಞಾನಿಯ ತಂಡ 23 ವರ್ಷದ ಒಬ್ಬ ಹುಡುಗಿಯನ್ನು ಮಿದುಳಿನ ಯಾವ ಜಾಗ ಕೆಲಸ ಮಾಡುತ್ತಿದೆ ಅಂತ ತೋರಿಸುವ ಸ್ಕ್ಯಾನರಿನಲ್ಲಿ ಮಲಗಿಸಿತು. ರಸ್ತೆ ಅಪಘಾತ, ನಿಮ್ಮ ತಮ್ಮನ ಹಾಗೇ ಐದು ತಿಂಗಳು, ಅದೇ ವೆಜಿಟೇಟಿವ್ ಅನ್ನೋ ಹಣೆಪಟ್ಟಿ. ಟೆನಿಸ್ ಆಡ್ತಿದ್ದೀಯ ಅಂತ ಊಹಿಸ್ಕೋ ಅಂದರು, ಆಮೇಲೆ ಮನೆಯೊಳಗೆ ಕೋಣೆ ಕೋಣೆ ಸುತ್ತು ಅಂದರು. ಎರಡಕ್ಕೂ ಮಿದುಳಿನ ಬೇರೆ ಬೇರೆ ಜಾಗ ಬೆಳಗಿತು, ಆರೋಗ್ಯವಂತರಲ್ಲಿ ಆಗುವ ಹಾಗೇ. ಮುಂದೆ 2010ರಲ್ಲಿ ಇಂಥದೇ ಇನ್ನೊಬ್ಬ ರೋಗಿಗೆ ಹೌದು ಅನ್ನೋಕೆ ಟೆನಿಸ್, ಇಲ್ಲ ಅನ್ನೋಕೆ ಮನೆ ಅಂತ ಹೇಳಿಕೊಟ್ಟು ಪ್ರಶ್ನೆ ಕೇಳಿದರೆ, ಆರರಲ್ಲಿ ಐದಕ್ಕೆ ಸರಿ ಉತ್ತರ ಬಂತು. 2024ರ ದೊಡ್ಡ ಅಧ್ಯಯನದಲ್ಲಿ, ಏನು ಹೇಳಿದರೂ ಮೈ ಅಲ್ಲಾಡಿಸದ 241 ಜನರಲ್ಲಿ 60 ಜನರ ಮಿದುಳು ಹೇಳಿದ್ದನ್ನು ಮಾಡುತ್ತಿತ್ತು. ನಾಲ್ವರಲ್ಲಿ ಒಬ್ಬರು! ಆ ನಾಲ್ಕನೆಯವರ ಎದುರಲ್ಲೇ ಮನೆಯವರು ಎಷ್ಟು ಅತ್ತಿರಬಹುದು, ಏನೇನು ಮಾತಾಡಿರಬಹುದು ಅಂತ ಯೋಚಿಸಿದರೆ ಹೊಟ್ಟೆ ಚುರುಕ್ ಅನ್ನುತ್ತೆ.

ತಲೆಗೆ ಇಇಜಿ ಟೋಪಿ, ಅಂದರೆ ಮಿದುಳಿನ ವಿದ್ಯುತ್ ಅಲೆಗಳನ್ನು ಹಿಡಿಯುವ ಟೋಪಿ, ಹಾಕಿಯೂ ಇದನ್ನು ಮಾಡುತ್ತಾರೆ. ಬಲಗೈ ಮುಷ್ಟಿ ಕಟ್ಟು ಅಂತ ಹೇಳಿ ಅಲೆಗಳು ಬದಲಾಗುತ್ತವಾ ಅಂತ ನೋಡುತ್ತಾರೆ. ಆಪರೇಷನ್ ಇಲ್ಲ. ಆದರೆ ಫಲಿತಾಂಶ ಸೊನ್ನೆ ಬಂದರೆ ಎದೆಗುಂದಬೇಡಿ. 2011ರ ಒಂದು ಪರೀಕ್ಷೆಯಲ್ಲಿ ಚೆನ್ನಾಗಿದ್ದ 12 ಜನರಲ್ಲೇ 9 ಜನರಲ್ಲಿ ಮಾತ್ರ ಅಲೆಗಳ ಬದಲಾವಣೆ ಸಿಕ್ಕಿತು. ರೋಗಿ ತೂಕಡಿಸುತ್ತಿರಬಹುದು, ಕಿವಿ ಕೇಳಿಸದೇ ಇರಬಹುದು. ಮತ್ತೆ, ಮನೆಯಲ್ಲಿ ಬರೀ ಕನ್ನಡ ಆಡಿ ಬೆಳೆದವನಿಗೆ ಇಂಗ್ಲಿಷಿನಲ್ಲಿ ಕೈ ಎತ್ತು ಅಂದರೆ ಏನು ಪ್ರಯೋಜನ? ಯಾರೇ ಪರೀಕ್ಷೆ ಮಾಡಲಿ, ಕನ್ನಡದಲ್ಲೇ ಹೇಳಿ ಅಂತ ಹಟ ಹಿಡಿಯಿರಿ.

ಅದಕ್ಕೂ ಮೊದಲು ಒಂದು ಸಣ್ಣ ಕನ್ನಡಿ ತಗೊಳ್ಳಿ. ನಿಜವಾಗಿ ಹೇಳ್ತಿದ್ದೀನಿ. ರೋಗಿಗೆ ಎಷ್ಟು ಅರಿವು ಇದೆ ಅಂತ ಹಾಸಿಗೆಯ ಪಕ್ಕದಲ್ಲೇ ಅಳೆಯುವ ಸಿಆರ್‌ಎಸ್-ಆರ್ ಅನ್ನೋ ಪರೀಕ್ಷೆಯಲ್ಲಿ ಕಣ್ಣು ಹಿಂಬಾಲಿಸುತ್ತಾ ಅಂತ ನೋಡೋದು ಕನ್ನಡಿಯಿಂದಲೇ. ಬೆರಳಿನ ಹಿಂದೆ ಹೋಗದ ಕಣ್ಣು ತನ್ನ ಮುಖದ ಹಿಂದೆ ಹೋಗುವುದುಂಟು. ಚೆನ್ನಾಗಿ ಎಚ್ಚರ ಇದ್ದಾಗ ಮುಖದಿಂದ ಒಂದು ಗೇಣಿಗಿಂತ ಹತ್ತಿರ ಹಿಡಿದು, ನಿಧಾನವಾಗಿ ಎಡಕ್ಕೆ, ಬಲಕ್ಕೆ, ಮೇಲೆ, ಕೆಳಗೆ ಸರಿಸಿ. ಎರಡು ಸೆಕೆಂಡಾದರೂ ಕಣ್ಣು ಬಿಡದೆ ಜೊತೆಗೆ ಬಂತಾ, ಎಷ್ಟು ಸಲ ಬಂತು, ಗಂಟೆ ಎಷ್ಟಾಗಿತ್ತು, ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಸಾಧ್ಯವಾದರೆ ಅದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ. ಒಂದು ದಿನ ನೋಡಿ ಬಿಡಬೇಡಿ, ಇಂಥವರ ಎಚ್ಚರ ಬೆಳಗ್ಗೆ ಒಂಥರಾ ಇದ್ದರೆ ಸಂಜೆ ಇನ್ನೊಂಥರಾ ಇರುತ್ತೆ. ಎರಡು ವಾರದಲ್ಲಿ ಕನಿಷ್ಠ ಐದು ಸಲ ಆ ಪೂರ್ತಿ ಪರೀಕ್ಷೆ ಮಾಡಿಸಿ ಅಂತ ನ್ಯೂರಾಲಜಿಸ್ಟ್ ಹತ್ತಿರ ಕೇಳಿ. ಬೆಲ್ಜಿಯಮ್ಮಿನ 2009ರ ಒಂದು ಅಧ್ಯಯನದಲ್ಲಿ ಇದೇ ಪರೀಕ್ಷೆ ಮಾಡಿ ನೋಡಿದಾಗ, ವೆಜಿಟೇಟಿವ್ ಅಂದುಕೊಂಡಿದ್ದ 44 ಜನರಲ್ಲಿ 18 ಜನರಿಗೆ ಅಷ್ಟಿಷ್ಟು ಅರಿವು ಇತ್ತು.

ಕಣ್ಣು ಹಿಂಬಾಲಿಸಿದರೆ ನಾಳೆಯೇ ಎದ್ದು ಮಾತಾಡ್ತಾನೆ ಅಂತ ಅರ್ಥ ಅಲ್ಲ, ಅದನ್ನು ಅಮ್ಮನಿಗೂ ಹೇಳಿ. ಆದರೆ ಫಿಸಿಯೋಥೆರಪಿ ಹೇಗಿರಬೇಕು, ನೋವಿಗೆ ಔಷಧಿ ಬೇಕಾ ಅನ್ನೋದೆಲ್ಲ ಅದರ ಮೇಲೆ ಬದಲಾಗುತ್ತೆ. ತೋಟ, ಸಾಲ, ಆಸ್ಪತ್ರೆ ಬಿಲ್ಲಿನ ಮಾತು ಅವನ ಕೋಣೆಯಲ್ಲಿ ಬೇಡ, ಜಗಲಿಗೆ ಬಂದು ಆಡಿ. ಕನ್ನಡಿಯನ್ನು ಅಮ್ಮನ ಕೈಯಲ್ಲೇ ಕೊಡಿ. ಏನಾಯ್ತು ಅಂತ ನನಗೆ ತಪ್ಪದೆ ಬರೆಯಿರಿ.